ಎಡೆಯಲ್ಲಿ ಮೀನೆಣ್ಣೆ

ಗಂಡ ಬೈರಯ್ಯನ ತಿಥಿಯ ಎಡೆಯಲ್ಲಿ ಅವನಿಗೆ ಇಷ್ಟವಾದ ಮುದ್ದೆ, ಮಟನ್ ಸಾರು, ಬೀಡಿ ಕಟ್ಟು ಎಲ್ಲ ಇದ್ದವು. ಅವುಗಳ ಪಕ್ಕಕ್ಕೆ ಇಂದ್ರಮ್ಮ ಒಂದು ಹಿಡಿ ಮೀನೆಣ್ಣೆ ಮಾತ್ರೆ ಸುರಿದಳು. ಹೊಂಬಣ್ಣದ ಒಂದೆರಡು ಉರುಳಿ ಸಾರಿಗೆ ಬಿದ್ದವು.

"ಅಮ್ಮ, ಇದ್ಯಾಕೆ?" ಎಂದ ಮಗ ಶಶಿಕುಮಾರ್.

"ಹಾರ್ಟಿಗೆ ಒಳ್ಳೇದು ಅಂತ ದಿನಾ ನುಂಗೋರು ಕಣೋ. ಶ್ರಾವಣದಲ್ಲಿ ಮೀನು ಮುಟ್ಟಬಾರ್ದು ಅಂತ ನಾನೇ ಎತ್ತಿಟ್ಟೆ."

ಶ್ರಾವಣ ಮುಗಿಯುವ ಮೊದಲೇ ಬೈರಯ್ಯನ ಹೃದಯ ನಿಂತಿತ್ತು.

"ಅದು ಬಿಟ್ಟಿದ್ದಕ್ಕೆ ಯಾರೂ ಸಾಯಲ್ಲಮ್ಮ. ಡಾಕ್ಟರೇ ಹೇಳಿದ್ರಲ್ಲ!"

ಆ ಮನೆಯಲ್ಲಿ ಡಾಕ್ಟರಿಗಿಂತ ಪಂಚಾಂಗಕ್ಕೇ ಮರ್ಯಾದೆ ಹೆಚ್ಚು. ಸತ್ತವರು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಬಂದು, ಎಡೆಯಿಟ್ಟ ಕೋಣೆಯ ಬಾಗಿಲು ಮುಚ್ಚಿದರು. ಇಂದ್ರಮ್ಮ ಬಾಗಿಲ ಸಂದಿಗೆ ಬಾಯಿಟ್ಟು ಮೆಲ್ಲಗೆ ಹೇಳಿದಳು:

"ಶ್ರಾವಣ ಮುಗೀತು ಕಣ್ರೀ. ನುಂಗಿ."