ಶನಿವಾರದ ದೀಪ

ಗಂಡಸುತನ ಕೈಕೊಟ್ಟಿತೆಂದು ರುದ್ರೇಶ ಗುಟ್ಟಾಗಿ ಇಂಜೆಕ್ಷನ್ ತರಿಸಿ, ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಬಚ್ಚಿಟ್ಟು, ದಿನವೂ ಹೊಟ್ಟೆಗೆ ಚುಚ್ಚಿಕೊಳ್ಳತೊಡಗಿದ. ಗುಣವೇನೋ ಕಂಡಿತು, ಆದರೆ ಮೈಯೆಲ್ಲ ಹಂಚಿನ ತಳದಂತೆ ಕಪ್ಪಾಯಿತು, ಬೆನ್ನಿನ ಮಚ್ಚೆಗಳು ಬೆಳೆದವು. ಶನಿಕಾಟವೆಂದು ತಾಯಿ ಶನಿವಾರ ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚಿದರು. ದೀಪಾವಳಿ ಕಳೆದ ಮೇಲೆ ಬಣ್ಣ ತಿಳಿಯಾಗುತ್ತ ಬಂತು. ಯುಗಾದಿಯ ಹೊತ್ತಿಗೆ, ನರ್ಸಾಗಿದ್ದ ಹೆಂಡತಿ ಮೂರು ತಿಂಗಳ ಬಸುರಿ.

"ಶನಿದೇವರು ಕಣ್ಬಿಟ್ಟ" ಎಂದರು ತಾಯಿ.

ರುದ್ರೇಶನಿಗೆ ಮಾತ್ರ ದಿಗಿಲು. ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟ. "ಕಪ್ಪು ಇಳೀತಿದೆ ಅಂದ್ರೆ ಮದ್ದಿನ ಕಸುವೂ ಇಳೀತಿದೆ. ಇನ್ನೂ ಜೋರಾದದ್ದು ತರಿಸ್ತೀನಿ. ಇಲ್ಲದಿದ್ರೆ ಮತ್ತೆ ನಿನ್ನ ಮುಂದೆ ತಲೆ ತಗ್ಗಿಸ್ಬೇಕು."

"ಮಚ್ಚೆ ನೋಡಿ ಹೆದರಿ, ಅದನ್ನ ದೀಪಾವಳಿಗೇ ಚೆಲ್ಲಿದೆ" ಎಂದಳು ಹೆಂಡತಿ. "ಅವತ್ತಿಂದ ಮೊಸರಿನ ಹಿಂದೆ ಇರೋದು ಬರೀ ಸಲೈನು ಕಣ್ರೀ."