ಮುಯ್ಯಿ

ಶ್ರಾವಣದ ನಾಟಿ ನಡೆದಿತ್ತು. ಹನಕೆರೆಯ ಬಯಲಿಗೆ ನಾಲೆಯ ನೀರು ಬಂದು, ಹೆಂಗಸರು ಆಗಲೇ ಪೈರು ಕಿತ್ತು ಕಟ್ಟು ಹಾಕುತ್ತಿದ್ದರು. ರೇವಣ್ಣ ಅಪ್ಪನ ಎತ್ತುಗಳನ್ನು ಹೊಡೆದುಕೊಂಡು ಕರಿಯಯ್ಯನ ಗದ್ದೆಗೆ ಬಂದ. ಅವನನ್ನು ಕಂಡು ಕರಿಯಯ್ಯ ಬದುವಿನ ಮೇಲೇ ನಿಂತ.

“ನೀನ್ಯಾಕ್ಲಾ ಬಂದೆ? ನಿಮ್ಮಪ್ಪ ಎಲ್ಲಿ?”

“ಅಪ್ಪಂಗೆ ಜ್ವರ ಮಾವ. ನೀನು ನಮ್ ಗದ್ದೆ ಉತ್ಕೊಟ್ಟ ಮುಯ್ಯಿ ತೀರಿಸ್ಬೇಕಲ್ಲ.”

ಉತ್ತವನಿಗೆ ಉತ್ತೇ ತೀರಿಸಬೇಕು. ಮುಯ್ಯಾಳಿಗೆ ದುಡ್ಡು ಕೊಡುವ ಪದ್ಧತಿ ಆ ಊರಲ್ಲಿರಲಿಲ್ಲ. ಆದರೆ ಮಾರನೆಯ ದಿನ ಮೈಸೂರಿನ ಕಾಲೇಜಿನಲ್ಲಿ ರೇವಣ್ಣನಿಗೆ ಅರ್ಥಶಾಸ್ತ್ರದ ಪರೀಕ್ಷೆ. ಹಿಂದಿನ ಸಲ ಅದರಲ್ಲೇ ಫೇಲಾಗಿದ್ದ. ಈ ಸಲವೂ ಹಾಗಾದರೆ ಕಾಲೇಜು ಬಿಡಿಸುತ್ತೇನೆಂದು ಅಪ್ಪ ಹೇಳಿದ್ದು ಊರಿಗೆಲ್ಲ ಗೊತ್ತಿತ್ತು.

“ಓಗ್ ಓದ್ಕೊಳ್ಳಾ. ಮುಯ್ಯಿ ಬುಟ್ಟಿವ್ನಿ ಅನ್ಕೊ.”

ರೇವಣ್ಣ ನೊಗದ ಹಗ್ಗ ಬಿಗಿಯುತ್ತಲೇ ಕೇಳಿದ: “ಮಾವ, ಮೊದಲ್ನೇ ಮುದ್ದೇಲಿರೋ ಸುಖ ನಾಲ್ಕನೇ ಮುದ್ದೇಲಿ ಇರ್ತದಾ?”

“ಎಲ್ಲಿ ಬತ್ತದೆ? ಒಟ್ಟೆ ಒಡೀತದೆ.”

“ಓದೂ ಅಂಗೇಯ. ಪುಸ್ತಕಾನ ಮೂರು ದಪ ಓದಿವ್ನಿ. ಇನ್ನೊಂದ್ ದಪ ಓದುದ್ರೆ ಸಿಕ್ಕೋದು ಚೂರು. ಇವತ್ತು ಉಳ್ನಿಲ್ಲ ಅಂದ್ರೆ ಕಿತ್ತಿರೋ ನಿನ್ ಪೈರೆಲ್ಲ ಬಾಡೋಯ್ತದೆ. ಯಾವ್ದು ಎಚ್ಚು, ನೀನೇ ಯೋಳು.”

ಕರಿಯಯ್ಯ ತಲೆ ಕೆರೆದುಕೊಂಡ. “ಇದ್ನೇನ್ಲಾ ನಾಳೀಕೆ ಬರಿಯೋದು?”

“ಇದ್ನೇಯ.”

“ಇಷ್ಟು ಗೊತ್ತಿದ್ದೂ ಕಳದ್ ಸಲ ಡುಮ್ಕಿ ಒಡ್ದಾ?”

“ಆಗ ಗೊತ್ತಿರ್ನಿಲ್ಲ.”

ಕರಿಯಯ್ಯ ಗಟ್ಟಿಯಾಗಿ ನಕ್ಕು ಬದುವಿನಿಂದ ಪಕ್ಕಕ್ಕೆ ಸರಿದ. ರೇವಣ್ಣ ನೇಗಿಲ ಮೇಣಿಯನ್ನು ಅದುಮಿ ಹಿಡಿದ. ಎತ್ತುಗಳು ಕೆಸರಿಗೆ ಕಾಲಿಟ್ಟವು.