ಸೆಲ್ ತೆಗೀಬೇಡಿ

ಹನ್ನೊಂದನೆಯ ದಿನ ಮಧ್ಯಾಹ್ನ ಆ ಜಪಾನೀ ಕಂಪ್ಯೂಟರಿನ ಪರದೆಗೆ ಜೀವ ಬಂತು. "ಅಬ್ಬಾ, ಎದ್ದೆಯಲ್ಲಪ್ಪಾ ಪುಣ್ಯಾತ್ಮ!" ಎಂದು ರಿಪೇರಿಯಣ್ಣ ಅಂಗಡಿಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದ. ಆದರೆ ಪರದೆಯ ಮೂಲೆಯಲ್ಲಿ ಮಿನುಗುವ ಒಂದು ಗೆರೆ ಬಿಟ್ಟರೆ ಬೇರೇನೂ ಇರಲಿಲ್ಲ. ಗೊತ್ತಿದ್ದ ಕೀಲಿಗಳನ್ನೆಲ್ಲ ಒತ್ತಿ ನೋಡಿದ. ಒಳಗೆ ಒಂದಕ್ಷರವೂ ಇಲ್ಲ.

ಪುಸ್ತಕದಷ್ಟು ಅಗಲದ, ಈಗ ಜಪಾನಿನಲ್ಲೇ ಹುಡುಕಿದರೂ ಸಿಗದ ಯಂತ್ರ ಅದು. ಬೀದಿ ಕೊನೆಯ ಟೈಲರಕ್ಕ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ತಂದಿದ್ದಳು. ಗಂಟಲ ಆಪರೇಷನ್ ಆಗಿ ಮಾತು ಹೋದ ಗಂಡ ಆಸ್ಪತ್ರೆಯ ಮಂಚದ ಮೇಲೆ ಕೂತು ಇದರಲ್ಲೇ ಮಾತಾಡುತ್ತಿದ್ದನಂತೆ. ಅವನು ಟೈಪ್ ಮಾಡುವುದು, ಇವಳು ಓದುವುದು. ಕೊನೆಯ ಸಂಜೆ ತುಂಬ ಹೊತ್ತು ಟೈಪ್ ಮಾಡಿ, ಮುಚ್ಚಳ ಮುಚ್ಚಿ, ಆಮೇಲೆ ಓದು ಎಂದು ಸನ್ನೆ ಮಾಡಿದ. ಆಮೇಲೆ ಅವನೂ ಉಳಿಯಲಿಲ್ಲ, ಪರದೆಯೂ ಹತ್ತಲಿಲ್ಲ. ಸೆಲ್ ಇರುವ ತನಕ ಬರೆದದ್ದು ಒಳಗೇ ಇರುತ್ತದೆ ಎಂದು ಅವನು ಹಿಂದೊಮ್ಮೆ ಹೇಳಿದ್ದ. ಆ ಒಂದು ಮಾತು ಹಿಡಿದುಕೊಂಡು ಇವಳು ಇಪ್ಪತ್ತೆರಡು ವರ್ಷ ಸೆಲ್ ಬದಲಾಯಿಸುತ್ತಾ ಬಂದಿದ್ದಳು. "ಏನು ಬೇಕಾದ್ರೂ ಬಿಚ್ಚಿ ಅಣ್ಣ, ಸೆಲ್ ಮಾತ್ರ ತೆಗೀಬೇಡಿ" ಎಂದು ಮೂರು ಸಲ ಹೇಳಿ ಹೋಗಿದ್ದಳು.

ರಿಪೇರಿಯಣ್ಣ ತೆಗೆದಿರಲೂ ಇಲ್ಲ. ಹಳೆಯ ಯಂತ್ರ ಬಿಚ್ಚಿದ ಕೂಡಲೇ ಸೆಲ್ ಕಿತ್ತು ಎಸೆಯಬೇಕೆನ್ನುವುದು ಈ ಕಸುಬಿನ ಮೊದಲ ಪಾಠ. ಅದನ್ನೂ ಬದಿಗಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಸೆಲ್ ಒಳಗಿರುವಂತೆಯೇ ಬೆಸುಗೆ ಹಾಕಿದ್ದ. ಹಾಗಾದರೆ ಬರೆದದ್ದು ಹೋಯಿತೆಲ್ಲಿಗೆ?

ಅಷ್ಟರಲ್ಲಿ ಟೈಲರಕ್ಕ ಬಂದೇಬಿಟ್ಟಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. "ಬಂತಾ ಅಣ್ಣ? ಇವತ್ತಿಗೇ ಅಂತ ಹೊಸ ಕನ್ನಡಕ ಮಾಡಿಸ್ಕೊಂಡೆ. ಒಂದಕ್ಷರ ತಪ್ಪಿ ಓದಬಾರದು ನೋಡಿ."

"ಕೂತ್ಕೊಳ್ಳಿ ಅಕ್ಕ. ಅದಿರಲಿ, ಸೆಲ್ ಹೇಗೆ ಬದಲಾಯಿಸ್ತಿದ್ರಿ?"

"ಅದ್ರಲ್ಲಿ ಮಾತ್ರ ಒಂದು ಸಲಾನೂ ಉದಾಸೀನ ಮಾಡಿದವಳಲ್ಲ. ಅವರು ಹೋದ ತಿಂಗಳೇ ಶುರು ಮಾಡಿದ್ದು. ನಾಲ್ಕು ಉದ್ದದ್ದು, ಒಂದು ಗುಂಡಿಯಂಥದ್ದು. ಐದನ್ನೂ ಹೊರಗೆ ತೆಗೆದು, ಒಳಗೆಲ್ಲಾ ಮೆತ್ತನೆ ಬಟ್ಟೇಲಿ ಒರೆಸಿ, ಆಮೇಲೆ ಹೊಸದು ಹಾಕೋದು."

"ಐದನ್ನೂ ಒಟ್ಟಿಗೆ?"

"ಮತ್ತೆ? ಹಳೇದು ಒಂದು ಉಳಿದ್ರೂ ಹೊಸದನ್ನ ಕೆಡಿಸುತ್ತಂತಲ್ಲ!"

ರಿಪೇರಿಯಣ್ಣನಿಗೆ ಈಗ ಅರ್ಥವಾಯಿತು. ದೊಡ್ಡ ಸೆಲ್ ಬದಲಿಸುವಾಗ ಬರೆದದ್ದನ್ನು ಗುಂಡಿ ಸೆಲ್ ಹಿಡಿದುಕೊಂಡಿರುತ್ತದೆ. ಗುಂಡಿ ಸೆಲ್ ಬದಲಿಸುವಾಗ ದೊಡ್ಡವು. ಎಲ್ಲವೂ ಒಟ್ಟಿಗೆ ಹೊರಬಂದರೆ ಎಲ್ಲವೂ ಅಳಿಸಿಹೋಗುತ್ತದೆ. ಅಂದರೆ ಗಂಡನ ಮಾತು ಗಂಡ ಹೋದ ತಿಂಗಳೇ ಹೋಗಿತ್ತು. ಪಾಪ, ಈ ಹೆಂಗಸು ಅಂದಿನಿಂದ ಖಾಲಿ ಪೆಟ್ಟಿಗೆಯನ್ನು ಸಾಕುತ್ತಾ ಬಂದಿದ್ದಳು.

ರಿಪೇರಿಯಣ್ಣನಾದರೂ ಎಂಥವನು! ನನ್ನ ಕೈಗೆ ಬಂದ ಸಾಮಾನು ಕೆಟ್ಟದ್ದುಂಟೇ ಎಂದು ಬೀದಿಯೆಲ್ಲ ಕೊಚ್ಚಿಕೊಳ್ಳುವ ಆಸಾಮಿ. ಕಟ್ಟಿಕೊಂಡ ಹೆಂಡತಿಯ ಮುಂದೂ ತಪ್ಪು ಒಪ್ಪಿಕೊಂಡವನಲ್ಲ. ಅಂಥವನು ಅವಳ ಹೊಸ ಕನ್ನಡಕವನ್ನೇ ನೋಡುತ್ತಾ ಹೇಳಿದ.

"ತಪ್ಪಾಯ್ತಕ್ಕ. ನೀವು ಅಷ್ಟು ಹೇಳಿದ್ರೂ ಮೊನ್ನೆ ಮರೆತು ಸೆಲ್ ಕಿತ್ತುಬಿಟ್ಟೆ. ಎಲ್ಲಾ ಅಳಿಸಿಹೋಯ್ತು."

ಅವಳು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಿದಳು.

"ಅಲ್ಲೀ ತನಕ ಇತ್ತಾ?"

"ಇತ್ತಕ್ಕ. ಪೂರ್ತಿ ಇತ್ತು."

ಟೈಲರಕ್ಕ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು ತಿರುಗಿದಾಗ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಏನೂ ತಿಳೀದ ಹೆಂಗಸು ನಾನು, ಇಪ್ಪತ್ತೆರಡು ವರ್ಷ ಕಾಪಾಡಿದೆ. ಎಲ್ಲಾ ತಿಳಿದೋನು ನೀನು. ನಿನ್ನ ಕೈಲಿ ಹನ್ನೊಂದು ದಿನ ಆಗ್ಲಿಲ್ವೇನಪ್ಪಾ?"